ಅಕ್ಕಿಕಾಳಿನಷ್ಟು ಮನುಷ್ಯ, 76 ಮೀಟರ್ ವಿಮಾನ: ಹಳೆಯ ಥಂಡರ್‌ಬರ್ಡ್ 2 ಕಿಟ್ ಕಟ್ಟೋಣ ಬನ್ನಿ

ಕೆಲಸ ಶುರು ಮಾಡುವ ಮುಂಚೆ ಅಡುಗೆಮನೆಗೆ ಹೋಗಿ ಒಂದು ಸೋನಾ ಮಸೂರಿ ಅಕ್ಕಿಕಾಳು ತನ್ನಿ. ಮೇಜಿನ ಮೇಲೆ, ಕಿಟ್ (ಬಿಡಿ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ ವಿಮಾನದ ಮಾಡೆಲ್ ಕಟ್ಟುವ ಡಬ್ಬಿ) ಪಕ್ಕದಲ್ಲಿ ಇಡಿ. ಕೆಲಸ ಮುಗಿಯುವ ತನಕ ಅದು ಅಲ್ಲೇ ಇರಲಿ. ಯಾಕೆ ಅಂತ ಹೇಳುತ್ತೇನೆ.

ಥಂಡರ್‌ಬರ್ಡ್ 2 ನಿಮಗೆ ಗೊತ್ತಿರಬಹುದು. 1965ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನ ಟೀವಿಯಲ್ಲಿ ಶುರುವಾದ ಬೊಂಬೆಗಳ ಧಾರಾವಾಹಿ 'ಥಂಡರ್‌ಬರ್ಡ್ಸ್'. ಒಟ್ಟು 32 ಕಂತು. ಅದರಲ್ಲಿ ಅಪಾಯದಲ್ಲಿ ಸಿಕ್ಕವರನ್ನು ಕಾಪಾಡಲು ಯಂತ್ರಗಳನ್ನು ಹೊತ್ತು ಹಾರುವ ದಪ್ಪ ಹೊಟ್ಟೆಯ ಹಸಿರು ವಿಮಾನವೇ ಇದು. ರೆಕ್ಕೆಗಳು ಮುಂದಕ್ಕೆ ಬಾಗಿವೆ. ಹೊಟ್ಟೆಯ ಭಾಗ ಕಳಚಿ ಕೆಳಗೆ ಕೂರುತ್ತದೆ, ಅದಕ್ಕೆ ಪಾಡ್ ಅಂತ ಹೆಸರು. ವಿನ್ಯಾಸ ಮಾಡಿದವರು ಡೆರೆಕ್ ಮೆಡಿಂಗ್ಸ್. ಧಾರಾವಾಹಿಯ ಲೆಕ್ಕದಲ್ಲಿ ಈ ವಿಮಾನದ ಉದ್ದ 250 ಅಡಿ, ಅಂದರೆ ಸುಮಾರು 76 ಮೀಟರ್.

1966ರಲ್ಲಿ ಜಪಾನಿನ ಟೀವಿ ಸಂಸ್ಥೆ ಎನ್‌ಎಚ್‌ಕೆ ಈ ಧಾರಾವಾಹಿಯನ್ನು ಪ್ರಸಾರ ಮಾಡಿತು. ಅಲ್ಲಿನ ಇಮಾಯ್ ಕಂಪನಿ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದಿತು, ಅವು ಭಾರೀ ಓಡಿದವು. ಮುಂದೆ ಇಮಾಯ್ ಕಷ್ಟಕ್ಕೆ ಸಿಕ್ಕಿತು. ಅದರ ಅಚ್ಚುಗಳಲ್ಲಿ ಕೆಲವು ಬಂದಾಯ್ ಕಂಪನಿಯ ಕೈಗೆ, ಬಹಳ ವರ್ಷಗಳ ನಂತರ ಇನ್ನೊಂದಷ್ಟು ಅವೊಶಿಮಾ ಕಂಪನಿಯ ಕೈಗೆ ಹೋದವು. ಹಾಗಾಗಿ ಇವತ್ತು ನೀವು ಹೊಸ ಡಬ್ಬಿ ಕೊಂಡರೂ ಒಳಗಿರುವ ಪ್ಲಾಸ್ಟಿಕ್ಕಿನ ಅಚ್ಚು ನಿಮ್ಮ ಅಪ್ಪನ ಕಾಲದ್ದಾಗಿರಬಹುದು. ಇದು ಗೊತ್ತಿದ್ದರೆ ಮುಂದೆ ಎದುರಾಗುವ ಸಂದುಗೊಂದುಗಳಿಗೆ ಬೇಜಾರಾಗುವುದಿಲ್ಲ.

ಈಗ ಅಕ್ಕಿಕಾಳಿನ ವಿಷಯ. ನಿಮ್ಮ ಕಿಟ್‌ನ ವಿಮಾನದ ಉದ್ದ ಅಳೆಯಿರಿ. ಸುಮಾರು 22 ಸೆಂಟಿಮೀಟರ್ ಇದ್ದರೆ ಅದು 1/350 ಅಳತೆ, ಅಂದರೆ ನಿಜವಾದದ್ದರ 350ರಲ್ಲಿ ಒಂದು ಪಾಲು. ಆ ಅಳತೆಯಲ್ಲಿ ಐದೂಮುಕ್ಕಾಲು ಅಡಿ ಮನುಷ್ಯ 5 ಮಿಲಿಮೀಟರ್ ಆಗುತ್ತಾನೆ. ಹೆಚ್ಚುಕಡಿಮೆ ಒಂದು ಸೋನಾ ಮಸೂರಿ ಕಾಳು! ಕಾಳನ್ನು ನಿಲ್ಲಿಸಿದ ಹಾಗೆ ಊಹಿಸಿಕೊಂಡು ಪಕ್ಕದಲ್ಲಿ ವಿಮಾನ ನೋಡಿ. ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ. ಹಳೆಯ ಕಿಟ್‌ಗಳನ್ನು ಮಕ್ಕಳ ಆಟಕ್ಕೆ ಅಂತ ಮಾಡಿದ್ದು, ಹಾಗಾಗಿ ಸುಮ್ನೆ ಡಬ್ಬಿಯಲ್ಲಿದ್ದ ಹಾಗೆ ಅಂಟಿಸಿದರೆ ಆಟಿಕೆಯಂತೆಯೇ ಕಾಣುತ್ತದೆ. ನಮ್ಮ ಕೆಲಸ ಒಂದೇ, ಇದನ್ನು 76 ಮೀಟರ್ ಉದ್ದದ ಯಂತ್ರದಂತೆ ಕಾಣಿಸುವುದು. ಗೆರೆ ಎಷ್ಟು ತೆಳುವಿರಬೇಕು, ಬಣ್ಣ ಎಷ್ಟು ತಿಳಿಯಿರಬೇಕು, ಕೊಳೆ ಎಷ್ಟು ಹಚ್ಚಬೇಕು, ಎಲ್ಲವನ್ನೂ ಆ ಕಾಳನ್ನು ನೋಡಿ ತೀರ್ಮಾನಿಸಿ.

ಮೊದಲು ತೀರ್ಮಾನ, ಆಮೇಲೆ ಅಂಟು

ವಿಮಾನ ಹಾರುತ್ತಿದೆಯೋ, ನೆಲದಲ್ಲಿ ನಿಂತಿದೆಯೋ? ಇದನ್ನು ಇವತ್ತೇ ನಿರ್ಧರಿಸಿ. ನೆಲದಲ್ಲಾದರೆ ನಾಲ್ಕು ಉದ್ದ ಕಾಲುಗಳ ಮೇಲೆ ಮೈ ಎದ್ದು ನಿಂತು, ಪಾಡ್ ಕೆಳಗೆ ಬೇರೆಯಾಗಿ ಕೂತಿರುತ್ತದೆ, ಅದರ ಬಾಗಿಲು ತೆರೆದಿರುತ್ತದೆ. ಇದು ನನಗೆ ತುಂಬಾ ಇಷ್ಟದ ಭಂಗಿ. ಇಷ್ಟು ದೊಡ್ಡ ಮೈ ತನ್ನ ಹೊಟ್ಟೆಯನ್ನೇ ಬಿಟ್ಟು ಮೇಲೆದ್ದಿದೆ ಅನ್ನೋದು ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ ಕಾಲುಗಳು ಗಟ್ಟಿಯಾಗಿರಬೇಕು, ಪಾಡ್‌ನ ಒಳಗೂ ಬಣ್ಣ ಹಚ್ಚಬೇಕು, ಕೆಲಸ ಜಾಸ್ತಿ. ಹಾರುವ ಭಂಗಿಯಾದರೆ ಕಾಲು ಬೇಡ, ಪಾಡ್ ಅಂಟಿಸಿಬಿಡಬಹುದು, ಆದರೆ ಹೊಟ್ಟೆಯಲ್ಲಿ ಹಿತ್ತಾಳೆ ಕಡ್ಡಿ ಸಿಕ್ಕಿಸಲು ಒಂದು ತೂತು ಮೊದಲೇ ಮಾಡಿಕೊಳ್ಳಬೇಕು. ಮೊದಲ ಕಿಟ್ ಆಗಿದ್ದರೆ ಹಾರುವುದನ್ನೇ ಮಾಡಿ.

ಪಾಡ್‌ಗಳಿಗೆ 1ರಿಂದ 6ರವರೆಗೆ ಸಂಖ್ಯೆ ಇದೆ. 4ನೆಯದರಲ್ಲಿ ಹಳದಿ ಬಣ್ಣದ ಪುಟ್ಟ ಜಲಾಂತರ್ಗಾಮಿ ಥಂಡರ್‌ಬರ್ಡ್ 4 ಇರುತ್ತದೆ. ನಿಮ್ಮ ಕಿಟ್‌ನಲ್ಲಿ ಅದು ಬಂದಿದ್ದರೆ ಪಾಡ್ ಮೇಲೆ 4 ಅಂತಲೇ ಅಂಟಿಸಿ. ಧಾರಾವಾಹಿ ನೋಡಿದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಮುಂದೆ ಬಾಗಿದ ರೆಕ್ಕೆ ತಪ್ಪು ಅಂದುಕೊಂಡು ತಿರುಗಿಸಿ ಅಂಟಿಸಬೇಡಿ. ಇಂಥ ರೆಕ್ಕೆಯ ವಿಮಾನಗಳು ನಿಜವಾಗಿಯೂ ಹಾರಿವೆ. ಜರ್ಮನಿಯ ಯುಂಕರ್ಸ್ 287 ವಿಮಾನ 1944ರಲ್ಲಿ, ಅಮೆರಿಕದ ಗ್ರಮ್ಮನ್ ಎಕ್ಸ್-29 1984ರಲ್ಲಿ, ರಷ್ಯಾದ ಸುಖೋಯ್ 47 1997ರಲ್ಲಿ.

ಮೇಜಿನ ಮೇಲೆ ಏನೇನು ಬೇಕು

ಚೂಪಾದ ಕಟರ್, ಸಣ್ಣ ಕಟಿಂಗ್ ಪ್ಲೇಯರ್, ಚಿಮಟ, ಮಾಸ್ಕಿಂಗ್ ಟೇಪ್. ಎಮೆರಿ ಪೇಪರ್ 400, 800, 1500 ನಂಬರಿನವು, ನೀರಲ್ಲಿ ನೆನೆಸಿ ಉಜ್ಜುವ ಕಪ್ಪು ಬಣ್ಣದ್ದು, ಕಾರಿಗೆ ಪೇಂಟ್ ಹೊಡೆಯುವ ಸಾಮಾನು ಮಾರುವ ಯಾವುದೇ ಅಂಗಡಿಯಲ್ಲಿ ಸಿಗುತ್ತದೆ. ಗೀರು ತುಂಬುವ ಎನ್‌ಸಿ ಪುಟ್ಟಿಯೂ ಅಲ್ಲೇ ಸಿಗುತ್ತದೆ. ಅಂಟು ಮಾತ್ರ ಸರಿಯಾದದ್ದೇ ತನ್ನಿ: ಪ್ಲಾಸ್ಟಿಕ್ ಮಾಡೆಲ್‌ಗೆ ಅಂತಲೇ ಬರುವ ನೀರಿನಷ್ಟು ತೆಳ್ಳನೆಯ ಅಂಟು. ಅದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡು ಭಾಗಗಳನ್ನು ಒಂದು ಮಾಡುತ್ತದೆ. ಫೆವಿಕ್ವಿಕ್ ಲೋಹಕ್ಕೆ, ತಂತಿಗೆ ಸರಿ. ಕಿಟಕಿಯ ಪಾರದರ್ಶಕ ಭಾಗದ ಹತ್ತಿರ ಅದನ್ನು ತರಲೇಬೇಡಿ, ಅದರ ಆವಿಗೆ ಬಿಳಿ ಮಂಜು ಕೂತುಬಿಡುತ್ತದೆ. ಕಿಟಕಿಗೆ ನಮ್ಮ ಮಾಮೂಲಿ ಬಿಳಿ ಫೆವಿಕಾಲ್ ಸಾಕು. ಒಣಗಿದ ಮೇಲೆ ಕಾಣುವುದೇ ಇಲ್ಲ.

ಅಸಿಟೋನ್, ಎನ್‌ಸಿ ಥಿನ್ನರ್ ಎರಡೂ ಈ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಹತ್ತಿರ ಇಟ್ಟುಕೊಳ್ಳಬೇಡಿ. ಕಿಟಕಿ ತೆರೆದಿರಲಿ, ಸ್ಪ್ರೇ ಮಾಡುವಾಗ ಮಾಸ್ಕ್ ಇರಲಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಟರ್ ಮತ್ತು ಅಂಟು ಎತ್ತರದ ಶೆಲ್ಫಿಗೆ.

ತೊಳೆಯಿರಿ, ಬಿಡಿಸಿ, ಜೋಡಿಸಿ ನೋಡಿ

ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಎಣ್ಣೆಯಂಥದ್ದನ್ನು ಬಳಸಿರುತ್ತಾರೆ. ಅದು ಇದ್ದರೆ ಬಣ್ಣ ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರುಬೆಚ್ಚಗಿನ ನೀರು, ಹಳೆಯ ಟೂತ್‌ಬ್ರಷ್. ಬಿಸಿನೀರು ಬೇಡ, ಭಾಗಗಳು ಸೊಟ್ಟಗಾಗುತ್ತವೆ. ಸಿಂಕಿನ ತೂತಿಗೆ ಒಂದು ಜಾಲರಿ ಇಡಿ.

ಭಾಗಗಳು ಕಚ್ಚಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿಗೆ ಸ್ಪ್ರೂ ಅಂತಾರೆ. ಅದನ್ನು ಎಸೆಯಬೇಡಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಭಾಗವನ್ನು ಕೈಯಿಂದ ತಿರುಚಿ ಕೀಳಬೇಡಿ. ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ತುಣುಕನ್ನು ಆಮೇಲೆ ಕಟರ್‌ನಿಂದ ಸವರಿ. ಹಳೆಯ ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ಸಣ್ಣ ಭಾಗಗಳು ಪಟ್ಟನೆ ಮುರಿಯುತ್ತವೆ.

ಅಂಟು ಮುಟ್ಟುವ ಮೊದಲು ಇಡೀ ವಿಮಾನವನ್ನು ಮಾಸ್ಕಿಂಗ್ ಟೇಪ್‌ನಿಂದ ಜೋಡಿಸಿ ನೋಡಿ. ಇಲ್ಲಿ ಒಂದು ಸಂಜೆ ಪೂರ್ತಿ ಕೂತರೂ ನಷ್ಟವಿಲ್ಲ. ಮೈಯ ಎರಡು ಹೋಳುಗಳ ನಡುವೆ ಎಲ್ಲಿ ಬಿರುಕು, ರೆಕ್ಕೆಯ ಬುಡ ಎಷ್ಟು ಸಡಿಲ, ಪಾಡ್ ಸರಿಯಾಗಿ ಒಳಗೆ ಹೋಗುತ್ತದೋ ಇಲ್ಲವೋ, ಬಾಲದ ಎರಡು ಕಡೆ ಒಂದೇ ಎತ್ತರ ಇದೆಯೋ ಇಲ್ಲವೋ, ಎಲ್ಲ ಕಣ್ಣಿಗೆ ಬೀಳುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಮಕ್ಕಳ ಆಟಕ್ಕೆ ಅಂತ ಸ್ಪ್ರಿಂಗ್, ಚಕ್ರ ಇಟ್ಟಿರುವ ಕಿಟ್ ಆದರೆ ಅವುಗಳ ತೂತುಗಳನ್ನು ಯಾವ ಕಡೆಯಿಂದ ಮುಚ್ಚುವುದು ಅಂತಲೂ ಈಗಲೇ ಯೋಚಿಸಿ. ಒಳಗಿನಿಂದ ಒಂದು ತೆಳು ಪ್ಲಾಸ್ಟಿಕ್ ತುಂಡು ಅಂಟಿಸಿ ಹೊರಗಿನಿಂದ ತುಂಬಿದರೆ ಗಟ್ಟಿಯಾಗಿ ನಿಲ್ಲುತ್ತದೆ.

ಆಮೇಲೆ ಅಂಟು. ಎರಡು ಹೋಳು ಹಿಡಿದು, ಸಂದಿನ ಮೇಲೆ ಅಂಟಿನ ಬ್ರಷ್ಷನ್ನು ಸುಮ್ನೆ ತಾಗಿಸಿ, ಅಂಟು ತಾನಾಗಿ ಒಳಗೆ ಓಡುತ್ತದೆ. ಅರ್ಧ ನಿಮಿಷ ಬಿಟ್ಟು ಮೆತ್ತಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಎಳೆಯಂತೆ ಹೊರಗೆ ಉಕ್ಕುತ್ತದೆ. ಅದು ಒಳ್ಳೆಯ ಲಕ್ಷಣ. ಒಂದು ದಿನ ಒಣಗಲು ಬಿಟ್ಟು ಎಮೆರಿ ಪೇಪರಿನಲ್ಲಿ ಉಜ್ಜಿದರೆ ಸಂದು ಮಾಯ.

ದೊಡ್ಡ ಬಿರುಕಿಗೆ ನಾನು ಪುಟ್ಟಿಗಿಂತ ಹೆಚ್ಚು ನಂಬುವುದು ಸ್ಪ್ರೂ ಪಾಯಸವನ್ನು. ಅದೇ ಕಿಟ್‌ನ ಸ್ಪ್ರೂವನ್ನು ಸಾಸಿವೆ ಗಾತ್ರಕ್ಕೆ ಕತ್ತರಿಸಿ, ಗಾಜಿನ ಸಣ್ಣ ಬಾಟಲಿಯಲ್ಲಿ ಆ ತೆಳು ಅಂಟಿನ ಜೊತೆ ಒಂದು ರಾತ್ರಿ ಇಡಿ. ಬೆಳಗ್ಗೆ ಗಟ್ಟಿ ಪಾಯಸದ ಹದಕ್ಕೆ ಬಂದಿರುತ್ತದೆ. ಬಿರುಕಿಗೆ ತುಂಬಿ ಎರಡು ದಿನ ಬಿಟ್ಟರೆ ಅದೇ ಪ್ಲಾಸ್ಟಿಕ್ ಆಗುತ್ತದೆ, ಉಜ್ಜಿದರೂ ಗೆರೆ ಕೊರೆದರೂ ಪುಡಿಯಾಗುವುದಿಲ್ಲ. ಎನ್‌ಸಿ ಪುಟ್ಟಿ ಸಣ್ಣ ಗೀರುಗಳಿಗೆ ಮಾತ್ರ, ಅದೂ ತೆಳ್ಳಗೆ, ಪದರ ಪದರವಾಗಿ. ಒಮ್ಮೆಗೇ ಬಳಿದರೆ ಅದರಲ್ಲಿರುವ ಥಿನ್ನರ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ದೊಡ್ಡದಾಗಿ ಕಾಣಿಸುವ ಕೆಲಸ

ನನಗೆ ಅತ್ಯಂತ ಖುಷಿ ಕೊಡುವ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಜವಾದ ವಿಮಾನದ ಮೈಯಲ್ಲಿ ಲೋಹದ ಹಾಳೆಗಳು ಸೇರುವ ಗೆರೆಗಳಿರುತ್ತವೆ. ಹಳೆಯ ಕಿಟ್‌ನಲ್ಲಿ ಇವು ಇರುವುದಿಲ್ಲ, ಇದ್ದರೂ ದಪ್ಪ. ಲೆಕ್ಕ ಹಾಕಿ: 1/350 ಅಳತೆಯಲ್ಲಿ ಅರ್ಧ ಮಿಲಿಮೀಟರ್ ಅಗಲದ ಗೆರೆ ಅಂದರೆ ನಿಜದಲ್ಲಿ 17 ಸೆಂಟಿಮೀಟರ್‌ಗಿಂತ ಜಾಸ್ತಿ ಬಿರುಕು. ನಿಮ್ಮ ಅಕ್ಕಿಕಾಳಿನ ಮನುಷ್ಯನ ಕಾಲು ಅದರೊಳಗೆ ಹೋಗಿಬಿಡುತ್ತದೆ! 0.2 ಮಿಲಿಮೀಟರ್ ಗೆರೆಯೇ 7 ಸೆಂಟಿಮೀಟರ್ ಆಗುತ್ತದೆ. ಅದಕ್ಕೇ ಆಳವಾಗಿ ಕೊರೆಯುವ ಬದಲು ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಇಲ್ಲಿ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಣ್ಣ ಹಚ್ಚಿದ ಮೇಲೆ, ಚೂಪು ಮಾಡಿದ ಎಚ್‌ಬಿ ಪೆನ್ಸಿಲ್, ಬಾಗುವ ಪ್ಲಾಸ್ಟಿಕ್ ಸ್ಕೇಲ್, ಹಗುರ ಕೈ. ಧಾರಾವಾಹಿಯ ಮಾಡೆಲ್‌ಗಳನ್ನು ಮಾಡಿದವರೂ ಪೆನ್ಸಿಲ್ ಗೆರೆ ಎಳೆದಿದ್ದರು. ಲಂಡನ್ ಹತ್ತಿರದ ಸ್ಲೌ ಊರಿನ ಕೈಗಾರಿಕಾ ಪ್ರದೇಶದಲ್ಲಿದ್ದ ಸ್ಟುಡಿಯೋದಲ್ಲಿ ಮೆಡಿಂಗ್ಸ್ ತಂಡ ಮಾರುಕಟ್ಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್‌ಗಳ ಚೂರುಗಳನ್ನೇ ತಮ್ಮ ಮಾಡೆಲ್‌ಗಳ ಮೈಗೆ ಅಂಟಿಸುತ್ತಿತ್ತು. ಟ್ಯಾಂಕಿನ ಚಕ್ರ, ರೈಲಿನ ಭಾಗ, ಏನು ಸಿಕ್ಕಿದರೆ ಅದು. ಹಾಗಾಗಿ ನೀವು ನಿಮ್ಮ ಹಳೆಯ ಕಿಟ್‌ಗಳ ಚೂರು ಅಂಟಿಸುವಾಗ ಮೂಲದಿಂದ ದೂರ ಹೋಗುತ್ತಿಲ್ಲ, ಅವರು ಮಾಡಿದ್ದನ್ನೇ ಮಾಡುತ್ತಿದ್ದೀರಿ.

ಚೂರುಗಳನ್ನು ಎಲ್ಲಿ ಅಂಟಿಸಬೇಕು? ಮೈಯ ನುಣುಪಾದ ಹಸಿರು ಭಾಗದ ಮೇಲೆ ಬೇಡ, ಅಲ್ಲಿ ನುಣುಪು ಇದ್ದರೇ ಚಂದ. ಕಾಲುಗಳ ಬುಡ, ಪಾಡ್‌ನ ಒಳಗೋಡೆ, ಪಾಡ್ ಇಳಿದಾಗ ಕಾಣುವ ಹೊಟ್ಟೆಯ ಟೊಳ್ಳು, ಎಂಜಿನ್‌ಗಳ ಒಳಭಾಗ ಇಲ್ಲೆಲ್ಲ ಹಾಕಿ. ಸ್ಪ್ರೂ ತುಂಡನ್ನು ಮೇಣದಬತ್ತಿಯ ಜ್ವಾಲೆಯಿಂದ ಸ್ವಲ್ಪ ಮೇಲೆ ಹಿಡಿದು ತಿರುಗಿಸುತ್ತಿರಿ. ಹೊಳಪು ಬಂದು ಜೋತುಬೀಳಲು ಶುರುವಾದ ಕ್ಷಣ ಹೊರಗೆ ತಂದು ಎರಡು ಕಡೆಯಿಂದ ಎಳೆದರೆ ಕೂದಲಿನಷ್ಟು ತೆಳುವಾದ ಕಡ್ಡಿ ಸಿಗುತ್ತದೆ. ಅದೇ ಪೈಪು, ಅದೇ ಏಣಿಯ ಮೆಟ್ಟಿಲು. ಖಾಲಿಯಾದ ಬಾಲ್ ಪೆನ್ನಿನ ಲೋಹದ ನಿಬ್ಬು ಒಳ್ಳೆಯ ಜೆಟ್ ಮೂತಿ ಆಗುತ್ತದೆ. ರೀಫಿಲ್‌ನ ಪ್ಲಾಸ್ಟಿಕ್ ಕೊಳವೆಗೆ ಮಾತ್ರ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಬಿಟ್ಟುಬಿಡಿ.

ಪಾಡ್ ಬಾಗಿಲ ಬಳಿ ಸ್ಪ್ರೂ ಎಳೆಯಿಂದ ಕತ್ತರಿಸಿದ 5 ಮಿಲಿಮೀಟರ್‌ನ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಕೈಕಾಲು ಬೇಕಾಗಿಲ್ಲ. ಮೇಲೆ ಚರ್ಮದ ಬಣ್ಣದ ಚುಕ್ಕಿ, ಕೆಳಗೆ ನೀಲಿ. ಅಷ್ಟೇ. ನೋಡುವವರು ಒಂದು ಹೆಜ್ಜೆ ಹಿಂದೆ ಸರಿದು "ಅಬ್ಬಾ, ಇಷ್ಟು ದೊಡ್ಡದಾ!" ಅನ್ನುವುದು ಆ ಚುಕ್ಕಿ ಕಂಡಾಗಲೇ.

ಕಾಕ್‌ಪಿಟ್ ಒಳಗೆ ಬೆಳಕು ಬೇಕಾದರೆ ಮೈ ಮುಚ್ಚುವ ಮೊದಲೇ ಒಂದು 3 ಮಿಲಿಮೀಟರ್ ಎಲ್‌ಇಡಿ ಹಾಕಿ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ, ಬೇರೆ ಊರುಗಳಲ್ಲೂ ರೇಡಿಯೋ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. 9 ವೋಲ್ಟ್ ಬ್ಯಾಟರಿ ಆದರೆ ಒಂದು ಬಿಳಿ ಎಲ್‌ಇಡಿಗೆ 390 ಓಮ್ ರೆಸಿಸ್ಟರ್ ಸೇರಿಸಿ, ಇಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಮೈಯ ಒಳಗಡೆ ಮೊದಲು ಕಪ್ಪು ಬಣ್ಣ ಬಳಿಯಿರಿ. ಹಾಗೆ ಮಾಡದಿದ್ದರೆ ಬೆಳಕು ಪ್ಲಾಸ್ಟಿಕ್ಕಿನ ಮೂಲಕವೇ ಹೊರಬಂದು ಇಡೀ ಮೂತಿ ಲಾಟೀನಿನಂತೆ ಹೊಳೆಯುತ್ತದೆ, ಆಟಿಕೆ ಅಂತ ತಕ್ಷಣ ಗೊತ್ತಾಗುತ್ತದೆ.

ಬಣ್ಣ

ಮೊದಲು ಬೂದು ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಕೆಳಗೆ ಹೊಡೆಯುವ ಪದರ. ಕಾರಿನ ಪ್ರೈಮರ್ ಕ್ಯಾನ್ ಬಳಸುವುದಾದರೆ ಮೊದಲು ಸ್ಪ್ರೂ ಮೇಲೆ ಹೊಡೆದು ಒಂದು ದಿನ ನೋಡಿ, ಕೆಲವು ಪ್ರೈಮರ್‌ಗಳು ಪ್ಲಾಸ್ಟಿಕ್ಕನ್ನು ಕೊರೆಯುತ್ತವೆ. ಪ್ರೈಮರ್ ಬಿದ್ದ ಮೇಲೆ ಕಣ್ಣಿಗೆ ಕಾಣದಿದ್ದ ಗೀರುಗಳೆಲ್ಲ ಎದ್ದು ಕಾಣುತ್ತವೆ. ಬೇಜಾರು ಮಾಡಿಕೊಳ್ಳದೆ ಮತ್ತೆ ತುಂಬಿ, ಮತ್ತೆ ಉಜ್ಜಿ.

ಹಸಿರು ಯಾವುದು ಸರಿ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಸ್ಟುಡಿಯೋದಲ್ಲಿ ಬೇರೆ ಬೇರೆ ಗಾತ್ರದ ಹಲವು ಮಾಡೆಲ್‌ಗಳಿದ್ದವು, ಎಲ್ಲದರ ಹಸಿರೂ ಒಂದೇ ಆಗಿರಲಿಲ್ಲ. ಮಧ್ಯಮ ಹಸಿರಿಗೆ ಚೂರು ಹಳದಿ, ಒಂದು ಹನಿ ಬೂದು ಸೇರಿಸಿ ಪ್ಲಾಸ್ಟಿಕ್ ಚಮಚದ ಮೇಲೆ ಹಚ್ಚಿ ಹಗಲು ಬೆಳಕಲ್ಲಿ ನೋಡಿ. ಇಷ್ಟವಾದ ಮೇಲೆ ಅದಕ್ಕೆ ಹತ್ತರಲ್ಲಿ ಒಂದು ಪಾಲು ಬಿಳಿ ಬೆರೆಸಿ. ದೂರದ ಬೆಟ್ಟ ತಿಳಿಯಾಗಿ ಕಾಣುತ್ತದಲ್ವಾ? ದೊಡ್ಡ ವಸ್ತುವನ್ನು ದೂರದಿಂದಲೇ ಪೂರ್ತಿ ನೋಡಲು ಸಾಧ್ಯ, ಹಾಗಾಗಿ ತಿಳಿ ಬಣ್ಣ ಕಣ್ಣಿಗೆ ದೊಡ್ಡದು ಅಂತ ಹೇಳುತ್ತದೆ. ಉಳಿದ ಬಣ್ಣದಲ್ಲಿ ಇನ್ನೂ ಸ್ವಲ್ಪ ಬಿಳಿ ಹಾಕಿ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಲೋಹದ ಹಾಳೆಯಷ್ಟು ಜಾಗಕ್ಕೆ ಮಾತ್ರ ಹಚ್ಚಿ. ವ್ಯತ್ಯಾಸ ಹುಡುಕಿದರೆ ಮಾತ್ರ ಕಾಣಬೇಕು.

ಮಳೆಗಾಲದಲ್ಲಿ ಸ್ಪ್ರೇ ಮಾಡಬೇಡಿ. ಜೂನ್, ಜುಲೈನಲ್ಲಿ ಮಂಗಳೂರು, ಉಡುಪಿ, ಮಲೆನಾಡು ಕಡೆಯವರು ಲ್ಯಾಕರ್ (ಬೇಗ ಒಣಗುವ ಥಿನ್ನರ್ ಬಣ್ಣ) ಹೊಡೆದರೆ ಗಾಳಿಯ ತೇವ ಸಿಕ್ಕಿಹಾಕಿಕೊಂಡು ಬಣ್ಣದ ಮೇಲೆ ಹಾಲಿನಂಥ ಪೊರೆ ಕೂರುತ್ತದೆ. ಬಿಸಿಲು ಬಂದ ಒಂದು ದಿನ ಕಾಯಿರಿ. ಅಲ್ಲಿಯವರೆಗೆ ಪಾಡ್‌ನ ಒಳಗಿನ ಕೆಲಸ ಬ್ರಷ್‌ನಲ್ಲಿ ಮಾಡಬಹುದು.

ಹಳೆಯ ಸ್ಟಿಕರ್‌ಗಳನ್ನು ನಂಬಬೇಡಿ

ನೀರಲ್ಲಿ ನೆನೆಸಿ ಜಾರಿಸುವ ಅಕ್ಷರಗಳಿಗೆ ಡೆಕಾಲ್ ಅಂತಾರೆ. ನನ್ನ ಮೊದಲ ಹಳೆಯ ಕಿಟ್‌ನಲ್ಲಿ ಡೆಕಾಲ್ ಹಾಳೆ ನೋಡಲು ಚೆನ್ನಾಗಿಯೇ ಇತ್ತು. ತಟ್ಟೆಯ ನೀರಿಗೆ ಹಾಕಿದೆ. ಅರ್ಧ ನಿಮಿಷಕ್ಕೆ 'ಥಂಡರ್‌ಬರ್ಡ್' ಅನ್ನುವ ಪದ ಹಪ್ಪಳ ಒಡೆದಂತೆ ಹನ್ನೆರಡು ಚೂರಾಗಿ ತೇಲಿತು. ಎರಡು ಗಂಟೆ ಕೂತು ಚಿಮಟದಲ್ಲಿ ಜೋಡಿಸಿದರೂ ಎರಡು ಅಕ್ಷರ ಸಿಗಲೇ ಇಲ್ಲ. ತುಂಬಾ ಸಂಕಟವಾಯಿತು.

ಅದಕ್ಕೇ ಹೇಳುವುದು: ಮೊದಲು ಬೇಡದ ಒಂದು ಸಣ್ಣ ಗುರುತನ್ನು ಕತ್ತರಿಸಿ ನೀರಲ್ಲಿ ಪರೀಕ್ಷಿಸಿ. ಒಡೆದರೆ ಉಳಿದ ಹಾಳೆಯ ಮೇಲೆ ಪಾರದರ್ಶಕ ವಾರ್ನಿಷ್ ಎರಡು ತೆಳು ಪದರ ಸ್ಪ್ರೇ ಮಾಡಿ, ಒಂದು ದಿನ ಒಣಗಿಸಿ, ಪ್ರತಿಯೊಂದನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿ ಬಳಸಿ. ಹಳದಿಯಾಗಿದ್ದರೆ ಹಾಳೆಯನ್ನು ಜಿಪ್ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಡಿ, ಹಳದಿ ಬಹಳಷ್ಟು ಇಳಿಯುತ್ತದೆ. ಮತ್ತೆ, ಎಲ್ಲಕ್ಕಿಂತ ಮೊದಲು ಹಾಳೆಯನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಹಾಳಾದರೆ ಡೆಕಾಲ್ ಪೇಪರಿನ ಮೇಲೆ ಮತ್ತೆ ಪ್ರಿಂಟ್ ಹಾಕಿಸಬಹುದು. ಬಿಳಿ ಅಕ್ಷರವಿದ್ದರೆ ಒಂದು ತೊಂದರೆ, ಮನೆಯ ಪ್ರಿಂಟರಿಗೆ ಬಿಳಿ ಶಾಯಿ ಇರುವುದಿಲ್ಲ. ಬಿಳಿ ಡೆಕಾಲ್ ಪೇಪರ್ ತಂದು ಅಕ್ಷರದ ಸುತ್ತ ನಿಮ್ಮದೇ ಹಸಿರನ್ನು ಪ್ರಿಂಟ್ ಮಾಡಿಸಿ, ಅಂಚನ್ನು ಬ್ರಷ್‌ನಿಂದ ಸರಿಮಾಡಬೇಕು.

ಡೆಕಾಲ್ ಹಚ್ಚುವ ಜಾಗ ಹೊಳೆಯುವಷ್ಟು ನುಣುಪಾಗಿರಬೇಕು. ಹಾಗಾಗಿ ಮೊದಲು ಹೊಳಪು ವಾರ್ನಿಷ್, ಆಮೇಲೆ ಡೆಕಾಲ್, ಪೂರ್ತಿ ಒಣಗಿದ ಮೇಲೆ ಮಂಕು ವಾರ್ನಿಷ್. ಒರಟು ಮೈಗೆ ಹಚ್ಚಿದರೆ ಕೆಳಗೆ ಗಾಳಿ ನಿಂತು ಬೆಳ್ಳಿಯಂತೆ ಮಿನುಗುತ್ತದೆ.

ಕೊಳೆ, ಮಸಿ, ಕೊನೆಯ ಕೆಲಸ

ಮಂಕು ವಾರ್ನಿಷ್ ಒಣಗಿದ ಮೇಲೆ ಪೆನ್ಸಿಲ್ ಗೆರೆಗಳನ್ನು ಎಳೆಯಿರಿ. ಪೆನ್ಸಿಲಿನ ಸೀಸವನ್ನು ಎಮೆರಿ ಪೇಪರ್ ಮೇಲೆ ಉಜ್ಜಿ ಪುಡಿ ಮಾಡಿ, ಒಣ ಬ್ರಷ್‌ನಲ್ಲಿ ಎಂಜಿನ್‌ಗಳ ಹಿಂದೆ, ಕೆಳಗೆ ಬೆಂಕಿ ಉಗುಳುವ ಮೂತಿಗಳ ಸುತ್ತ ಮೆತ್ತಗೆ ಹಚ್ಚಿ. ಗಾಳಿ ಹರಿಯುವ ದಿಕ್ಕಿನಲ್ಲಿ, ಮುಂದಿನಿಂದ ಹಿಂದಕ್ಕೆ. ಅಕ್ಕಿಕಾಳನ್ನು ಮತ್ತೆ ನೋಡಿ: ನೀವು ಹಚ್ಚಿದ ಮಸಿಯ ಚುಕ್ಕಿ ಕಾಳಿಗಿಂತ ದೊಡ್ಡದಾಗಿದ್ದರೆ ಅದು ಒಬ್ಬ ಮನುಷ್ಯನಿಗಿಂತ ದೊಡ್ಡ ಕಲೆ. ಬಣ್ಣ ಕಿತ್ತುಹೋದ ಗುರುತುಗಳನ್ನು ನಾನು ಈ ಅಳತೆಯಲ್ಲಿ ಹಾಕುವುದೇ ಇಲ್ಲ. ಬೇಕೆನಿಸಿದ ಜಾಗದಲ್ಲಿ ಅರ್ಧ ಹಚ್ಚಿ, ಮಲಗಿ ಎದ್ದು, ಬೆಳಗ್ಗೆ ನೋಡಿ. ಸಾಕು ಅನಿಸಿದರೆ ಇನ್ನೊಂದು ಪದರ ಮಂಕು ವಾರ್ನಿಷ್ ಹೊಡೆದು ನಿಲ್ಲಿಸಿ.

ಫೋಟೋ ತೆಗೆಯುವಾಗ ಮೇಲಿನಿಂದ ತೆಗೆಯಬೇಡಿ. ಮಾಡೆಲನ್ನು ಟೆರೇಸಿನ ಗೋಡೆಯ ಮೇಲೆ ಬೆಳಗಿನ ಬಿಸಿಲಲ್ಲಿ ಇಡಿ, ಹಿಂದೆ ಬರೀ ಆಕಾಶ ಇರಲಿ. ಮೊಬೈಲನ್ನು ತಲೆಕೆಳಗಾಗಿ ಹಿಡಿಯಿರಿ, ಆಗ ಲೆನ್ಸ್ ಗೋಡೆಗೆ ಹತ್ತಿರ ಬರುತ್ತದೆ. ಅಕ್ಕಿಕಾಳನ್ನು ಪಾಡ್ ಬಾಗಿಲ ಮುಂದೆ ಇಟ್ಟು ಅದರ ಎತ್ತರಕ್ಕೆ ಲೆನ್ಸ್ ಇಳಿಸಿ, ಕಾಳನ್ನು ತೆಗೆದುಬಿಟ್ಟು ಕ್ಲಿಕ್ ಮಾಡಿ.